ಏಳನೆಯ ಪೆಟ್ಟು

ಊರಿನ ಹೆಸರು ಸೂರ್. ಹೆಸರಿಗಷ್ಟೇ ಸೂರು,
ತಲೆಗೆ ಅಂಗೈಯಗಲ ನೆರಳಿಲ್ಲ.
ಪಾಸ್‌ಪೋರ್ಟ್ ಫೋಟೊ, ಝೆರಾಕ್ಸು, ಮದುವೆ ವಿಡಿಯೊ,
ಮೂರಕ್ಕೂ ಒಂದೇ ಅಂಗಡಿ, ಒಂದೇ ಕಂಪ್ಯೂಟರು, ಒಬ್ಬಳೇ ನಾನು.

ವಿಠೋಬ ಆಚಾರಿ ಬಂದದ್ದು ಜುಮ್ಮಾ ಮುಗಿದ ಮೇಲೆ,
ಪೆನ್‌ಡ್ರೈವನ್ನು ಕರವಸ್ತ್ರದಲ್ಲಿ ಗಂಟುಕಟ್ಟಿ
ಬಿತ್ತನೆ ಬೀಜ ತಂದ ಹಾಗೆ.
'ತಂಗೀ, ಇದ್ರೊಳಗೆ ನನ್ನ ಹಡಗು ಅದೆ, ತೆಗೆದು ತೋರ್ಸು.'

ಬೇಲೆಕೇರಿಯವರು. ಒಮಾನಿನಲ್ಲಿ ಇಪ್ಪತ್ತಾರು ವರ್ಷ,
ಒಂಬತ್ತು ಸಂಬೂಕು. ನೀರಿಗಿಳಿದದ್ದು ಒಂದನ್ನೂ ನೋಡಿಲ್ಲ.
ಹಡಗು ಇಳಿಯುವಾಗ ಮೇಸ್ತ್ರಿಯ ಜಾಗ ಅದರ ಹೊಟ್ಟೆಯಡಿ:
ಕೊನೆಯ ಬೆಣೆ ಹೊಡೆದು ಕೆಡವಬೇಕು,
ಕೆಡವಿದವನೇ ಮಗ್ಗುಲಿಗೆ ಉರುಳಬೇಕು,
ಎದ್ದು ಮೈಯ ಮರಳು ಕೊಡವುವಷ್ಟರಲ್ಲಿ
ಅದು ಆಗಲೇ ತೇಲುತ್ತಿರುತ್ತದೆ, ಯಾರದೋ ಹಡಗಿನಂತೆ.
ಈ ಸಲ ಮಾಲೀಕರ ಸೋದರಳಿಯ ಹಮೂದ್
ಹೊಸ ಎಚ್‌ಡಿ ಕ್ಯಾಮೆರಾದಲ್ಲಿ ಪೂರ್ತಿ ಹಿಡಿದಿದ್ದಾನಂತೆ.

ಇಂಪೋರ್ಟ್ ಒತ್ತಿದೆ.
ಬಂದದ್ದು ಪರದೆ ತುಂಬ ಬರೀ ಹಸಿರು,
ಹಸಿರಿನೊಳಗಿಂದ ಡೋಲು, ಕೂಗು, ಕಡಲಗಾಳಿ. ಚಿತ್ರವಿಲ್ಲ.
ಕೊಡೆಕ್ ಇಲ್ಲ ಎಂದಿತು ಸಾಫ್ಟ್‌ವೇರು. ಹಾಕಿದೆ.
ಇನ್ನೊಂದು ಬೇಕೆಂದಿತು. ಹಾಕಿದೆ.
ಆಮೇಲೆ ಮುನಿದ ಅಳಿಯನ ಹಾಗೆ ಮಾತೇ ನಿಲ್ಲಿಸಿತು.
ಬೇರೆ ಫಾರ್ಮ್ಯಾಟಿಗೆ ಬದಲಿಸಲು ಇಟ್ಟೆ:
ಉಳಿದ ಸಮಯ ಮೂರು ಗಂಟೆ.

ಆಚಾರಿ ಎದ್ದು ಹೋಗಲಿಲ್ಲ.
'ಆ ತನಕ ಸದ್ದಾದ್ರೂ ಕೇಳ್ತೆ' ಅಂತ ಹೆಡ್‌ಫೋನ್ ಹಾಕಿಕೊಂಡು
ಕಣ್ಣು ಮುಚ್ಚಿ ಹೇಳತೊಡಗಿದರು,
ನನಗಲ್ಲ, ಮೇಜಿನ ಮರಕ್ಕೆ (ಅದೂ ಮರವಲ್ಲ, ಪ್ಲೈವುಡ್ಡು):
ಇದು ಸಾಗವಾನಿ ನರಳಿದ್ದು. ಇದು ಹಗ್ಗ ಬಿಗಿದದ್ದು.
ಇದು ಬಲೂಚಿ ಹುಡುಗ ದಾದುಲ್ಲಾ, ಹೆದರಿದರೆ ಹಾಡುತ್ತಾನೆ.
ಇದು ನನ್ನ ಕೊಡತಿ.
ಒಂದು. ಎರಡು.
ಆರರ ಮೇಲೆ ಕಣ್ಣು ತೆರೆದರು.
'ಇಲ್ಲೊಂದು ಪೆಟ್ಟು ಕಮ್ಮಿ ಅದೆ.
ಏಳು ಹೊಡದಿದ್ದೆ. ಆರು ಕೇಳ್ತದೆ,
ಆಮೇಲೆ ಸೀದಾ ಹೊರಟೇ ಬಿಟ್ಟದೆ.'

ಎಣಿಕೆ ತಪ್ಪಿರಬೇಕು ಅಂದೆ.
ಉತ್ತರ ಕೊಡದೆ ನನ್ನ ಬಾಗಿಲ ಚೌಕಟ್ಟು ನೋಡಿದರು.
ಅದು ಅರ್ಧ ಬೆರಳು ವಾಲಿದೆ. ನನಗೆ ಗೊತ್ತಿರಲಿಲ್ಲ.

ಸಂಜೆ ಚಿತ್ರ ಬಂತು. ಆಗ ಕಂಡಿತು:
ಮೂರನೆಯ ತುಣುಕಿನ ಕೊನೆಗೆ ಹಡಗು ನಿಂತಿದೆ,
ನಾಲ್ಕನೆಯದರ ಮೊದಲಿಗೆ ಹೊರಟಿದೆ.
ನಡುವೆ ಹದಿಮೂರು ಫ್ರೇಮು ಇಲ್ಲ.
ನಾಲ್ಕು ಜಿಬಿ ತುಂಬಿದ್ದೇ ತಡ ಕ್ಯಾಮೆರಾ ಕಡತವನ್ನು ಕತ್ತರಿಸುತ್ತದೆ,
ಕತ್ತರಿಸಿದ್ದರ ಲೆಕ್ಕವನ್ನು ಬೇರೆ ಪುಟ್ಟ ಕಡತಗಳಲ್ಲಿ ಬರೆದಿಡುತ್ತದೆ.
ಹಮೂದ್ ಅವು ಕಸವೆಂದು ದೊಡ್ಡವನ್ನಷ್ಟೇ ಹಾಕಿ ಕೊಟ್ಟಿದ್ದ.

'ಹಲಗೆ ತಂದು ಹತ್ತಿ ಬಿಟ್ಟು ಬಂದಂಗೆ' ಅಂದರು ಆಚಾರಿ.
ಸಂದಿಗೆ ಹತ್ತಿ, ಹತ್ತಿಗೆ ಮೀನೆಣ್ಣೆ,
ಅಷ್ಟಿಲ್ಲದೆ ಯಾವುದೂ ತೇಲುವುದಿಲ್ಲ.

ಫೋನು ಮಾಡಿದೆ. ಕಾರ್ಡು ಪಿಕಪ್ಪಿನ ಡ್ಯಾಶ್‌ಬೋರ್ಡಿನಲ್ಲಿತ್ತು,
ಪುಣ್ಯಕ್ಕೆ, ಬಿಸಿಲಲ್ಲಿ ಬೆಂದರೂ ಬದುಕಿತ್ತು.
ನಾಳೆಯ ಒಂಟೆ ಓಟಕ್ಕೆ ಅಳಿಸಬೇಕೆಂದಿದ್ದ.

ಇಡೀ ಫೋಲ್ಡರನ್ನು, ಒಂದು ಚೂರೂ ಬಿಡದೆ, ಒಳಗೆ ತಂದೆ.
ತುಣುಕುಗಳು ತಾವಾಗಿ ಕೂಡಿಕೊಂಡವು.
ಪರದೆಯನ್ನು ಅವರತ್ತ ತಿರುಗಿಸಿ ಸ್ಪೀಕರು ಹಚ್ಚಿದೆ.

ಐದು. ಆರು.
ಏಳನೆಯದು ಬಿದ್ದಾಗ
ಆಚಾರಿ ಗಟ್ಟಿಯಾಗಿ ಕಣ್ಣು ಮುಚ್ಚಿದರು,
ಮೇಲಿಂದ ಪುಡಿ ಉದುರುತ್ತದಲ್ಲ, ಅಭ್ಯಾಸ,
ಮುಚ್ಚಿದವರು ಕುರ್ಚಿಯಲ್ಲೇ ಮಗ್ಗುಲಿಗೆ ವಾಲಿದರು.
ತೆರೆದಾಗ ಹಡಗು ತೇಲುತ್ತಿತ್ತು.

ಇಬ್ಬರೂ ಸುಮ್ಮನಿದ್ದೆವು. ಎಸಿ ಒಂದೇ ಗೊರಗುಟ್ಟುತ್ತಿತ್ತು.
'ಮತ್ತೊಂದ್ಸಲ ಹಾಕು ತಂಗೀ' ಅಂದರು,
'ಈ ಸಲ ಪೆಟ್ಟು ನೀನು ಎಣಿಸು.'