ಹಕ್ಕಲು

ಗೋಡೆಯ ಶೀತಕ್ಕೆ ಗಮ್ ಟೇಪು ನಿಲ್ಲಲಿಲ್ಲ,
ಮೂಗು ಸೋರುವ ಹುಡುಗನೊಬ್ಬ ಚಾರ್ಟಿನ ಮೂಲೆ ಹಿಡಿದು ನಿಂತ.
ಹೊಸನಗರದಾಚೆ, ಹಸಲರ ಕೇರಿಯ ಅಂಗನವಾಡಿ,
ಸಂಜೆ ಆರೂವರೆ, ಕರೆಂಟಿಲ್ಲ.

'ಹಕ್ಕು' ಅಂದೆ. ತರಬೇತಿಯಲ್ಲಿ ಕಲಿಸಿದಂತೆ
ಎರಡು ಸಲ, ನಿಧಾನ.
ದುಗ್ಗಜ್ಜಿ ಕವಳ ದವಡೆಗೆ ಸರಿಸಿ ಕೇಳಿದಳು:
'ಹಕ್ಕಲಾ?'

ಕೊಯ್ಲಾದ ಗದ್ದೆ. ಹೊರೆಯೆಲ್ಲ ಕಣ ಸೇರಿದ ಮೇಲೆ
ಕೂಳೆಯ ನಡುವೆ ಉಳಿದ ತೆನೆ.
ಆಯಲು ಯಾರ ಅಪ್ಪಣೆಯೂ ಬೇಡ, ಬಗ್ಗಿದವರದು.
ಒಡೆಯರೂ ತಡೆಯುವಂತಿಲ್ಲ,
ತಡೆದರೆ ಮುಂದಿನ ವರ್ಷ ಭತ್ತವೆಲ್ಲ ಜೊಳ್ಳು.

ನನಗೆ ಖುಷಿಯೋ ಖುಷಿ.
ವರದಿಯಲ್ಲಿ ಬರೆದೆ: ಪರಿಕಲ್ಪನೆ ಇಲ್ಲಿ ಮೊದಲೇ ಇದೆ.
ಕಚೇರಿಯವರು ಭಿತ್ತಿಪತ್ರ ಹಾಕಿಸಿದರು,
'ನಮ್ಮ ಹಕ್ಕಲು ನಮ್ಮ ಹಕ್ಕು', ಇನ್ನೂರು ಪ್ರತಿ,
ಬಗ್ಗಿದ ಹೆಂಗಸಿನ ಚಿತ್ರ.

'ಘನತೆ' ಮಾತ್ರ ಎಲ್ಲೂ ಕೂರಲಿಲ್ಲ.
ಮರ್ಯಾದೆ ಅಂದರೆ, 'ಅದು ನಾವು ಕೊಡೋದಲ್ದಾ ಮೇಡಮ್ಮ?'
ಕೊಡುವುದು ಗೊತ್ತು. ಎದ್ದು ನಿಂತು,
ಟವೆಲು ಕಂಕುಳಿಗೆ ಸಿಕ್ಕಿಸಿ.

ಮೂರನೇ ಸಲ ಹೋದಾಗ ಕುಸುಮಿ,
ದುಗ್ಗಜ್ಜಿಯ ಮೊಮ್ಮಗಳು, ಪಿಯುಸಿ ಒಂದು ವಿಷಯ ಬಾಕಿ,
ಚಿತ್ರವನ್ನೇ ನೋಡಿ ಕೇಳಿದಳು:
'ಇವಳು ನೆಟ್ಟಗಾಗೋದು ಯಾವಾಗ?'

ನಾನು ಸುಮ್ಮನಿದ್ದೆ.
'ಹಕ್ಕಲು ಅವರ ಕಣಜ ತುಂಬಿದ ಮೇಲಿನ ಮಾತು ಮೇಡಂ.
ನೆಟ್ಟಿದ್ದು ಅಜ್ಜಿ. ಕೊಯ್ದಿದ್ದು ಅಜ್ಜಿ.
ಬಿದ್ದಿದ್ದಷ್ಟೇ ಅಜ್ಜಿದಾ?'

ಅಜ್ಜಿ ಹೊರಗೆ ಹೋಗಿ ಉಗಿದು ಬಂದಳು.
ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ,
ಹೆಜ್ಜೇನಿನ ಮಾತು ತೆಗೆದಳು.
ಕಿತ್ತ ರಾತ್ರಿ, ಬಂಡೆಯ ಮೇಲೆ ಎಲೆ ಹಾಸಿ,
ಮರ ಹತ್ತಿದವನಿಗೊಂದು, ಸೂಡಿ ಹಿಡಿದವನಿಗೊಂದು,
ಬರಲಾಗದೆ ಮಲಗಿದ ಮುದುಕನಿಗೊಂದು,
ಬಸುರಿಗೆ ಎರಡು.
'ಇನ್ನೂ ಹುಟ್ಟೇ ಇಲ್ಲ ಕೂಸು. ಏನು ದುಡಿದಿತ್ತು?
ಆದ್ರೂ ಪಾಲು ಪಾಲೇ.
ಅದನ್ನ ಬೇಡೋ ಹಾಗೆ ಮಾಡಿದ್ರೆ
ಹಂಚಿದವನಿಗೇ ನಾಚಿಕೆ.'

ಕುಸುಮಿ ನನ್ನ ಕೈಯಿಂದ ಮಾರ್ಕರು ತೆಗೆದುಕೊಂಡಳು.
'ಹಕ್ಕ' ಹೊಡೆದು ಮೇಲೆ 'ಪಾ' ಬರೆದಳು.
'ಲು' ಹಾಗೇ ಉಳಿಯಿತು.

ಕೊನೆಯ ಬಸ್ಸಿನಲ್ಲಿ ನಮೂನೆ ತೆರೆದೆ:
ಸ್ಥಳೀಯರಿಗೆ ಅರ್ಥವಾಯಿತೇ? ಹೌದು, ಇಲ್ಲ.
ನನಗೆ ಅರ್ಥವಾಯಿತೇ ಎಂದು ಕೇಳುವ ಚೌಕವಿರಲಿಲ್ಲ.
ಚೀಲದಲ್ಲಿ ಕ್ವಾರ್ಟರ್ ಬಾಟಲಿಯ ತುಂಬ ಜೇನು,
ಮರ ಹತ್ತದ, ಸೂಡಿ ಹಿಡಿಯದ ನನಗೆ.
ಬಿರಡೆ ಸಡಿಲ.
ಬಟ್ಟೆಮಲ್ಲಪ್ಪ ದಾಟುವಷ್ಟರಲ್ಲಿ
ನಮೂನೆಗೆಲ್ಲ ಇರುವೆ.