ಹೆಗಲು ತಕ್ಕಡಿಯಲ್ಲ

ಯೆಲ್ಲೋನೈಫ್. ಹೋಟೆಲಿನ ನೆಲಮಾಳಿಗೆಯ ಕೋಣೆ.
ನಿನ್ನೆ ಯಾರದೋ ಮದುವೆಯಾಗಿರಬೇಕು,
ಬಲೂನಿನ ದಾರವೊಂದು ಚಾವಣಿಯಿಂದ ಇನ್ನೂ ಇಳಿದಿಲ್ಲ.
ಆ ಕಡೆ ಮಂತ್ರಿಗಳ ಪರ ವಕೀಲೆ,
ಒಟ್ಟಾವಾದಿಂದ ಬಂದವಳು, ಬೂಟಿನ ಹಿಮ ಕರಗುತ್ತಿದೆ;
ಈ ಕಡೆ ವಕೀಲರಿಲ್ಲದೆ ಎಡ್ವಿನ್ ಲಾಫರ್ಟಿ,
ಇಪ್ಪತ್ತೆರಡು ಚಳಿಗಾಲ ಸ್ಕೀ ಕಟ್ಟಿದ ವಿಮಾನ ಹಾರಿಸಿದವನು.
ನಡುವೆ ನಾನು.
ಮರುಪರಿಶೀಲನೆಗೆ ಒಬ್ಬಳೇ ಸಾಕು.

ಏಳುನೂರೈವತ್ತು ಡಾಲರ್ ದಂಡ.
ಮಿತಿಗಿಂತ ಹತ್ತೊಂಬತ್ತು ಕಿಲೋ ಹೆಚ್ಚು ಹೊತ್ತು
ಹೆಪ್ಪುಗಟ್ಟಿದ ಸರೋವರದಿಂದ ಎದ್ದಿತಂತೆ ವಿಮಾನ.
ಹೊರೆಯ ಪಟ್ಟಿ ಓದಿದಳು ವಕೀಲೆ:
ಇಂಧನ, ಪೈಲಟ್, ವಿಧವೆ, ಮಗಳು,
ಪೈನ್ ಹಲಗೆಯ ಪೆಟ್ಟಿಗೆ,
ಅದರೊಳಗೆ ನೋಯೆಲ್ ರಾಬೆಸ್ಕ.
ಹುಟ್ಟಿದೂರಲ್ಲಿ ಅವನಿಗಾಗಿ ನೆಲದ ಮೇಲೆ ಬೆಂಕಿ ಹಾಕಿ
ಮಣ್ಣು ಮೆತ್ತಗಾಗಲೆಂದು ಕಾಯುತ್ತಿದ್ದರು.

ಚಳಿಗಾಲದ ಗಂಡಸಿಗೆ ಕೋಷ್ಟಕದಲ್ಲಿ ತೊಂಬತ್ತು ಚಿಲ್ಲರೆ ಕಿಲೋ.
ಲಾಫರ್ಟಿ ಚೀಟಿಯಲ್ಲಿ ಬರೆದದ್ದು ಐವತ್ತೈದು.

"ತೂಗಿದಿರಾ?"
"ಇಲ್ಲ."
"ಊರಲ್ಲಿ ತಕ್ಕಡಿಯೇ ಇರಲಿಲ್ಲವೇ?"
"ಅಂಗಡಿಯಲ್ಲಿತ್ತು. ಹಿಟ್ಟಿನ ಚೀಲ ತೂಗುವಂಥದ್ದು."
"ಮತ್ತೆ?"
"ಹೆಂಡತಿಯ ಕಣ್ಣೆದುರು ಹಿಟ್ಟಿನ ತಕ್ಕಡಿಗೆ ಏರಿಸಲೇ?
ಹತ್ತು ತಿಂಗಳು ಮೀನಿನ ಸಾರಲ್ಲೇ ಬದುಕಿದ್ದವನು.
ತಲೆಯ ಕಡೆಯ ಮೂಲೆಗೆ ಹೆಗಲು ಕೊಟ್ಟದ್ದು ನಾನು.
ಏನೂ ಇರಲಿಲ್ಲ ಮೇಡಂ ಅದರಲ್ಲಿ. ಏನೂ ಇರಲಿಲ್ಲ."

ಸಂಭವ ಕೂದಲೆಳೆಯಷ್ಟು ಯಾವ ಕಡೆ ವಾಲಿದರೂ
ಆ ಕಡೆಗೇ ತೀರ್ಪು; ಇಲ್ಲಿ ನಿಯಮ ಅಷ್ಟೇ.
ರುಜುವಾತಿನ ಭಾರ ಮಂತ್ರಿಯದು.
ನಾನು ಆ ಹೆಗಲನ್ನು ನಂಬಿದೆ.
ದಂಡ ರದ್ದೆಂದು ಆರು ಪುಟ ಬರೆದೆ.

ಮೇಲ್ಮನವಿಯಲ್ಲಿ ಮೂವರು ಕೂರುತ್ತಾರೆ.
ಹೊಸ ಸಾಕ್ಷಿ ಇಲ್ಲ, ಹೊಸ ಮುಖವಿಲ್ಲ,
ನನ್ನ ಕೋಣೆಯಲ್ಲಿ ಆಡಿದ ಮಾತು ಟೈಪಾಗಿ
ಅವರ ಮೇಜಿಗೆ ಹೋಗುತ್ತದೆ.
ಮೂವರೂ ಒಂದೇ ಮಾತು ಹೇಳಿದರು: ಹೆಗಲು ತಕ್ಕಡಿಯಲ್ಲ.
ತೂಗಲಾಗದ ಹೊತ್ತಿಗೆಂದೇ ಕೋಷ್ಟಕ ಇರುವುದು.
ಇವತ್ತು ಶವಪೆಟ್ಟಿಗೆ, ನಾಳೆ ಡೀಸೆಲ್ ಪೀಪಾಯಿ.
ದಂಡ ಊರ್ಜಿತ. ಮುನ್ನೂರಕ್ಕೆ ಇಳಿಸಲಾಗಿದೆ.

ಅವರು ಬರೆದದ್ದು ಸರಿ.
ಇದನ್ನು ಒಪ್ಪಲು ನನಗೆ ಒಂದು ವಾರ ಹಿಡಿಯಿತು.
ಸರೋವರದಾಚೆಯ ಮರಗಳಿಗೆ ನಮ್ಮ ದುಃಖ ಗೊತ್ತಿಲ್ಲ;
ಅಂಥ ಮರಗಳ ಬುಡದಲ್ಲಿ, ತನಿಖೆಗಾರಳಾಗಿದ್ದಾಗ,
ಕೈಗವಸು ಹಾಕಿಕೊಂಡು ರೆಕ್ಕೆಯ ಚೂರು ಎಣಿಸಿದ್ದೇನೆ ನಾನೂ.

ಆದರೂ ನಲವತ್ತೊಂದನೆಯ ಪುಟ ತೆಗೆಯುತ್ತೇನೆ ಆಗಾಗ.
"ಏನೂ ಇರಲಿಲ್ಲ" ಆದಮೇಲೆ ಒಂದೇ ಪದ: ಮೌನ.
ಎಷ್ಟು ಹೊತ್ತು ಎಂದು ಬರೆದಿಲ್ಲ.

ನಾನಿದ್ದೆ ಅಲ್ಲಿ.
ಹೊರಗೆ ಲಾರಿಯೊಂದು ಚಳಿಗೆ ಶುರುವಾಗದೆ
ಮೂರು ಸಲ ಕೆಮ್ಮಿ, ನಿಂತು, ಮತ್ತೆ ಕೆಮ್ಮಿತು.
ವಕೀಲೆ ಪೆನ್ನಿಗೆ ಮುಚ್ಚಳ ಹಾಕಿದಳು.
ಲಾಫರ್ಟಿ ಎಡಗೈಯಿಂದ ಬಲ ಹೆಗಲು ಒರೆಸಿಕೊಂಡ,
ಅಲ್ಲಿ ಏನೋ ಅಂಟಿದೆಯೆಂಬಂತೆ.