ಆನೆಗೂ

ಮರಕ್ಕೆ ಕ್ಯಾಮೆರಾ ಕಟ್ಟಿದವನು ನಾನೇ.
ಮಾಲ್ದಾರೆಯ ಅಂಚಿನ ನಂದಿ ಮರಕ್ಕೆ ಒಂದು,
ಆನೆ ಕಂದಕ ಕುಸಿದಲ್ಲಿ ಇನ್ನೊಂದು.
ಪಟ್ಟಿ ಬಿಗಿದು, ಎಂಟು ಬ್ಯಾಟರಿ ತುಂಬಿ,
ಎದುರಿಗೆ ನಾನೇ ಆನೆಯಾಗಿ ಎರಡು ಸಲ ನಡೆದು,
ಕೆಂಪು ದೀಪ ಮಿನುಗಿತೇ ಎಂದು ನೋಡಿ.

ಆಮೇಲೆ ಮಗ ಹೇಳಿದ:
ಅದು ನನಗೆ.

ಬಿಪಿನ್‌ಗೆ ಆಗ ಇಪ್ಪತ್ತೊಂದು. ಐಟಿಐ ಮುಗಿಸಿ
ಗೋಣಿಕೊಪ್ಪದಲ್ಲಿ ಸುಟ್ಟ ಮೋಟಾರಿಗೆ ತಂತಿ ಸುತ್ತುವ ಕೆಲಸ.
ಇಲಾಖೆಯ ಮೆಸೇಜು ಊರಿನ ಎಲ್ಲ ಫೋನಿಗೂ ಬರುತ್ತದೆ:
‘ಒಂಟಿ ಸಲಗ ತೋಟದ ಗೇಟಿನ ಬಳಿ, ಎಚ್ಚರ.’
ಅವನು ಓದಿದ, ಬಾಗಿಲಿಗೆ ಅಡ್ಡ ಬೆಂಚು ಎಳೆದ.
ಒಂಟಿ ಅಂದರೆ ಯಾರು, ಗೇಟು ಅಂದರೆ ಯಾವುದು,
ಎಚ್ಚರ ಅಂದದ್ದು ಯಾರು ಯಾರಿಗೆ,
ಎಲ್ಲಕ್ಕೂ ಅವನ ಬಳಿ ಲೆಕ್ಕವಿತ್ತು. ಎಲ್ಲೂ ತಾಳೆ ತಪ್ಪದ ಲೆಕ್ಕ.

ನಾನು ನಕ್ಕೆ. ಅದು ಮೊದಲ ತಪ್ಪು.
ಎರಡನೆಯದು, ಕಟ್ಟಿದ್ದು ನಾನೇ ಕಣೋ, ಆನೆಗೆ, ಎಂದದ್ದು.
ಆ ರಾತ್ರಿಯಿಂದ ನಾನು ಬಡಿಸಿದ್ದನ್ನು ಅವನು ಮುಟ್ಟಲಿಲ್ಲ.

ಮಡಿಕೇರಿಯ ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರಮ್ಮ ಹೇಳಿದರು:
ಹೌದು ಅನ್ನಬೇಡಿ, ಇಲ್ಲ ಅನ್ನಬೇಡಿ,
ಭಯವಾಗುತ್ತಿದೆಯಾ ಎಂದಷ್ಟೇ ಕೇಳಿ.
ಮಾತ್ರೆ ಹುಡುಕೋಣ. ಒಂದೇ ಸಲಕ್ಕೆ ಸಿಗಲಿಕ್ಕಿಲ್ಲ.

ಹೆಸರುಗಳು ನನ್ನ ನಾಲಿಗೆಗೆ ಹೊರಳುವುದಿಲ್ಲ.
ಆನೆಯ ಲೆಕ್ಕದ ಪುಸ್ತಕವನ್ನೇ ಹಿಂದಿನಿಂದ ತಿರುಗಿಸಿ ಬರೆದೆ.
ಮುಂದಿನಿಂದ: ಬೆಳಿಗ್ಗೆ ಆರು, ಹೆಣ್ಣು ಎರಡು, ಮರಿ ಒಂದು, ಹಲಸಿನ ಕಡೆಗೆ.
ಹಿಂದಿನಿಂದ: ರಾತ್ರಿ ಒಂಬತ್ತು, ಬಿಳಿ ಒಂದು, ಹಳದಿ ಅರ್ಧ.

ಮೊದಲನೆಯದು ಕೈಕಾಲನ್ನು ಹಲಗೆ ಮಾಡಿತು.
ಕೂದಲೆಳೆಯ ತಂತಿ ಸುತ್ತಿದ ಬೆರಳು
ಅಂಗಿಯ ಗುಂಡಿಯ ಮುಂದೆ ಸೋತು ನಿಂತಿತು.
ಎರಡನೆಯದು ನಿದ್ದೆ ಕೊಟ್ಟಿತು, ಹಸಿವು ಕೊಟ್ಟಿತು,
ಮೂರು ತಿಂಗಳಲ್ಲಿ ಹದಿನಾಲ್ಕು ಕಿಲೋ ಕೊಟ್ಟಿತು.
ಪೂವಮ್ಮ ಅವನ ಪ್ಯಾಂಟಿನ ಹೊಲಿಗೆ ಬಿಚ್ಚುತ್ತಾ
ಉಣ್ಣುತ್ತಾನಲ್ಲ, ಸಾಕು, ಎಂದಳು.
ಕ್ಯಾಮೆರಾ ಮಾತ್ರ ನಿದ್ದೆಯೊಳಗೂ ಇತ್ತಂತೆ.
ಮೂರನೆಯದಕ್ಕೆ ಕೂರಲಾರದೆ ಹೋದ.
ಜಗಲಿಯ ಈ ತುದಿ, ಆ ತುದಿ, ಬೆಳಗಾಗುವವರೆಗೆ.
ದುಬಾರೆಯಲ್ಲಿ ಸರಪಳಿಯ ಆನೆ ನಿಂತಲ್ಲೇ ತೂಗುತ್ತದೆ;
ನೋಡಲು ಬಂದವರು, ಕುಣಿಯುತ್ತಿದೆ, ಅನ್ನುತ್ತಾರೆ.

ನಾಲ್ಕನೆಯದಕ್ಕೆ ವಾರವಾರ ರಕ್ತ ಕೊಡಬೇಕು.
‘ನನ್ನ ರಕ್ತ ಯಾರಿಗೆ ಕಳಿಸ್ತೀರಿ?’ ತೋಳು ಮಡಿಸಿ ಕೂತ.
ನಾನು ನನ್ನ ತೋಳು ಚಾಚಿದೆ.
ನರ್ಸಮ್ಮ ಡಾಕ್ಟರಮ್ಮನ ಮುಖ ನೋಡಿ
ನನ್ನಿಂದಲೂ ಒಂದು ಕೊಳವೆ ತೆಗೆದರು.
ಅದು ತುಂಬುವುದನ್ನು ಎವೆಯಿಕ್ಕದೆ ನೋಡಿ
ಅವನು ಅಂಗಿಯ ತೋಳು ಮೇಲಕ್ಕೆ ಮಡಚಿದ.

ಸಿದ್ದಾಪುರದ ಮೊಯ್ದೀನ್ ಅಂಗಡಿಯಲ್ಲಿ ಆ ಮಾತ್ರೆ ಇಡುವುದಿಲ್ಲ.
ಮೈಸೂರಿನಿಂದ ಬಸ್ಸಿನಲ್ಲಿ ಬರುತ್ತದೆ,
ಡ್ರೈವರ್ ಸೀಟಿನ ಹಿಂದೆ, ಬ್ರೆಡ್ಡಿನ ಪೆಟ್ಟಿಗೆಗೆ ಒರಗಿಕೊಂಡು.
ಬಸ್ಸು ತಡವಾದ ಸಂಜೆ
ಆನೆಗೆ ಕಾಯುವ ಹಾಗೆ ಕಾಯುತ್ತೇನೆ,
ಬೀಡಿ ಹಚ್ಚದೆ, ಮೈಯೆಲ್ಲ ಕಿವಿಯಾಗಿ.

ಇಪ್ಪತ್ತೈದು. ಐವತ್ತು. ನೂರು. ನೂರೈವತ್ತು.
ಬೆಳಿಗ್ಗೆ ದಿಂಬು ಜೊಲ್ಲಿನಲ್ಲಿ ಒದ್ದೆ. ಬರೆದೆ.
ಬಾಗಿಲ ಬೆಂಚು ಗೋಡೆಗೆ ಸರಿದ ದಿನ, ಅದನ್ನೂ ಬರೆದೆ,
ಪೂವಮ್ಮನಿಗೂ ಹೇಳಲಿಲ್ಲ, ದೃಷ್ಟಿಯಾದೀತೆಂದು.

ನಿನ್ನೆ ಬ್ಯಾಟರಿ ಬದಲಿಸಲು ಹೊರಟರೆ ಹಿಂದೆಯೇ ಬಂದ.
ನಂದಿ ಮರ ಕಂಡು ಹತ್ತು ಮಾರು ದೂರ ನಿಂತ.
ಕಪ್ಪು ಪೆಟ್ಟಿಗೆ ಅವನನ್ನು, ಅವನು ಅದನ್ನು
ಬಹಳ ಹೊತ್ತು ನೋಡಿದರು.
ನಾನು ತುಟಿ ಬಿಚ್ಚಲಿಲ್ಲ. ಅಷ್ಟು ಕಲಿತಿದ್ದೇನೆ.

‘ಆನೆಗೂ ಇರಬಹುದು’ ಅಂದ.

ಆನೆಗೇ ಅನ್ನಲಿಲ್ಲ. ಆನೆಗೂ.
ಎರಡು ವರ್ಷ, ನಾಲ್ಕು ಬಗೆಯ ಮಾತ್ರೆ, ಒಂದು ದೀರ್ಘ.
ಈ ಊಕಾರ ಎಷ್ಟು ಮಿಲಿಗ್ರಾಂ ಎಂದು
ಮಂಗಳವಾರ ಡಾಕ್ಟರಮ್ಮನನ್ನು ಕೇಳಬೇಕು.

ತೆಗೆದ ಹಳೆಯ ಎಂಟು ಬ್ಯಾಟರಿಯನ್ನು
ಅವನೇ ಜೇಬಿಗೆ ಹಾಕಿಕೊಂಡ.
ಮನೆ ಮುಟ್ಟುವವರೆಗೂ ಅವು
ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು.